ಮೂವರು ಗಂಡಂದಿರು, ಒಬ್ಬ ಡಾಕ್ಟರಮ್ಮ ಮತ್ತು ನಮ್ಮ ತಾಲ್ಲೂಕಿನ ರಕ್ತಪರೀಕ್ಷೆ

ಮುಳಬಾಗಿಲು, ಶ್ರೀನಿವಾಸಪುರದ ಕಡೆ ಕಾಯಿಲೆ ಕೈಮೀರಿತು ಅಂದ್ರೆ ಹಿರಿಯರು ಎತ್ತುವ ಹೆಸರು ರಾಯವೇಲೂರು. ಈಗಿನ ಹುಡುಗರು ವೆಲ್ಲೂರು ಅಂತಾರೆ, ಇಲ್ಲಾ ಸಿಎಂಸಿ ಅಂತಾರೆ. ನಂಗಲಿ ದಾಟಿ, ಪಲಮನೇರು ದಾಟಿ, ಚಿತ್ತೂರು ದಾಟಿದರೆ ಬಂತು. ಹಸು ಮಾರಿ, ಒಡವೆ ಗಿರವಿ ಇಟ್ಟು ಅಲ್ಲಿಗೆ ಹೋಗಿ ಬಂದ ಮನೆಗಳು ನಮ್ಮ ಜಿಲ್ಲೆಯಲ್ಲಿ ಲೆಕ್ಕವಿಲ್ಲದಷ್ಟಿವೆ. ಆದರೆ ಆ ಆಸ್ಪತ್ರೆ ಯಾಕೆ ಹುಟ್ಟಿತು ಅಂತ ಕೇಳಿದರೆ ಹೇಳುವವರು ಕಡಿಮೆ. ಅದು ಹುಟ್ಟಿದ್ದು ಮೂವರು ಗಂಡಂದಿರು ಒಬ್ಬ ಗಂಡು ಡಾಕ್ಟರನ್ನು ಬೇಡ ಅಂದಿದ್ದರಿಂದ.

ಅದನ್ನು ಕಟ್ಟಿದ ಐಡಾ ಸ್ಕಡರ್ ತೀರಿಕೊಂಡು 60 ವರ್ಷ ದಾಟಿತು. ಆಕೆಯ ಬದುಕನ್ನು ನಾನು ಮತ್ತೆ ಓದಿದ್ದು ಬೇರೆಯದೇ ಕಾರಣಕ್ಕೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಎಚ್‌ಐವಿ ಪರೀಕ್ಷೆಗೆ ಯಾರು ಬರ್ತಾರೆ, ಯಾರು ಬರಲ್ಲ ಅನ್ನೋದರ ಬಗ್ಗೆ ಆಶಾ ಕಾರ್ಯಕರ್ತೆಯರು ಮತ್ತು ಆಪ್ತಸಮಾಲೋಚಕರ ಜತೆ ಮಾತಾಡಿಕೊಂಡು ಓಡಾಡುತ್ತಿದ್ದೆ. ಅವರು ಹೇಳುವುದನ್ನು ಕೇಳುತ್ತಾ ಕೇಳುತ್ತಾ, ಇದು ಎಲ್ಲೋ ಓದಿದ ಕಥೆಯಲ್ವಾ ಅನ್ನಿಸಿತು.

ಐಡಾ ಹುಟ್ಟಿದ್ದು 1870ರ ಡಿಸೆಂಬರ್ 9ರಂದು, ರಾಣಿಪೇಟೆಯಲ್ಲಿ. ಅಜ್ಜ ಜಾನ್ ಸ್ಕಡರ್ 1819ರಲ್ಲೇ ಅಮೆರಿಕದಿಂದ ಹೊರಟು ಸಿಲೋನಿಗೆ, ಅಲ್ಲಿಂದ ಮದ್ರಾಸಿನ ಕಡೆಗೆ ಬಂದ ಮಿಷನರಿ ವೈದ್ಯ. ಅಪ್ಪನೂ ಅದೇ ಕೆಲಸ. ಮನೆತನಕ್ಕೆ ಮನೆತನವೇ ಮಿಷನ್ನಿಗೆ ಬಿದ್ದಿತ್ತು. ಆಕೆಗೆ ಐದಾರು ವರ್ಷವಾಗಿದ್ದಾಗ 1876-78ರ ದೊಡ್ಡ ಬರ ಬಂತು. ಧಾತು ವರ್ಷದ ಬರ ಅಂತ ನಮ್ಮ ಅಜ್ಜಂದಿರು ಹೇಳುತ್ತಿದ್ದರಲ್ಲ, ಅದೇ. ಮೈಸೂರು ಸಂಸ್ಥಾನದಲ್ಲಿ ಕೋಲಾರದ ಸೀಮೆಯನ್ನೂ ಹಿಂಡಿದ ಬರ ಅದು. ಹಸಿದ ಮಕ್ಕಳಿಗೆ ರೊಟ್ಟಿ ಹಂಚುವ ಕೆಲಸ ಆ ಪುಟ್ಟ ಹುಡುಗಿಯ ಪಾಲಿಗೂ ಬಂತು. ಆಮೇಲೆ ಕುಟುಂಬ ಅಮೆರಿಕಕ್ಕೆ ಹೋಯಿತು. ಅಪ್ಪ ಅಮ್ಮ ಒಬ್ಬರಾದ ಮೇಲೊಬ್ಬರು ಮಗಳನ್ನು ನೆಂಟರ ಮನೆಯಲ್ಲಿ ಬಿಟ್ಟು ವಾಪಸ್ ಬಂದರು. ಇಂಡಿಯಾ ಅಂದ್ರೆ ಬಿಸಿಲು, ಹಸಿವು, ತನ್ನಿಂದ ತಾಯಿಯನ್ನು ಕಿತ್ತುಕೊಂಡ ಊರು ಅಂತ ಬೆಳೆದ ಹುಡುಗಿ ಆಕೆ. ಮಿಷನರಿ ಆಗೋದೇ ಇಲ್ಲ ಅಂತ ಹಟ ಹಿಡಿದಿದ್ದರು. ಓದು ಮುಗಿಸಿ, ಅನುಕೂಲಸ್ಥ ಮನೆಗೆ ಮದುವೆಯಾಗಿ ಅಲ್ಲೇ ಇರುವುದು ಅವರ ಲೆಕ್ಕಾಚಾರ.

1890ರಲ್ಲಿ ತಾಯಿಗೆ ಹುಷಾರಿಲ್ಲ ಅಂತ ತಿಂಡಿವನಂನ ಮಿಷನ್ ಬಂಗಲೆಗೆ ಬಂದರು. ಸ್ವಲ್ಪ ದಿನ ಇದ್ದು ಹೋಗೋದು ಅಂತಲೇ ಬಂದಿದ್ದು. ಅಲ್ಲಿ ಒಂದು ರಾತ್ರಿ ಒಬ್ಬ ಬ್ರಾಹ್ಮಣ ಯುವಕ ಬಾಗಿಲಿಗೆ ಬಂದ. ಹೆಂಡತಿಗೆ ಹೆರಿಗೆ ಕಷ್ಟವಾಗಿದೆ, ಬರಬೇಕು ಅಂತ ಕೇಳಿದ. ಆ ಹುಡುಗಿಗೆ ಇನ್ನೂ 14 ವರ್ಷ ಎಂದು ಹೇಳುತ್ತಾರೆ. ಐಡಾ ತನಗೇನೂ ಗೊತ್ತಿಲ್ಲ, ಅಪ್ಪ ಡಾಕ್ಟರು, ಅವರನ್ನು ಕರೆದುಕೊಂಡು ಹೋಗು ಅಂದರು. ಆತ ಒಪ್ಪಲಿಲ್ಲ. ಪರಗಂಡಸು ಒಳಗೆ ಬರುವುದಕ್ಕಿಂತ ಆಕೆ ಸಾಯುವುದೇ ಮೇಲು ಎಂಬ ಅರ್ಥದ ಮಾತಾಡಿ ಹೊರಟುಹೋದ. ಸ್ವಲ್ಪ ಹೊತ್ತಿಗೆ ಒಬ್ಬ ಮುಸ್ಲಿಂ ಬಂದ. ಅದೇ ಕಷ್ಟ, ಅದೇ ಉತ್ತರ. ಮೂರನೆಯವನು ಇನ್ನೊಬ್ಬ ಮೇಲ್ಜಾತಿಯ ಹಿಂದೂ. ಅವನೂ ಹಾಗೇ ಹೋದ. ಬೆಳಗಾಗುತ್ತಲೇ ಊರಿನಲ್ಲಿ ಸಾವಿನ ತಮಟೆ ಕೇಳಿಸಿತು. ವಿಚಾರಿಸಲು ಆಳನ್ನು ಕಳಿಸಿದರೆ, ಮೂವರೂ ಹೆಂಗಸರು ತೀರಿಕೊಂಡಿದ್ದರು.

ಈ ಕಥೆಯನ್ನು ಐಡಾ ಮುಂದೆ ಅಮೆರಿಕದ ಚರ್ಚುಗಳಲ್ಲಿ ದೇಣಿಗೆ ಎತ್ತುವಾಗ ಮತ್ತೆ ಮತ್ತೆ ಹೇಳಿದರು. ಅಲ್ಲಿನವರಿಗೆ ಅದು ಇಂಡಿಯಾದ ಕತ್ತಲೆಯ ಕಥೆಯಾಗಿ ಕೇಳಿಸಿತು. ಮಿಷನರಿ ಸಾಹಿತ್ಯದಲ್ಲಿ ಅದು ಇವತ್ತಿಗೂ ಹಾಗೇ ಇದೆ: ಕ್ರೂರಿ ಗಂಡಂದಿರು, ಮರುಗಿದ ಬಿಳಿ ಹುಡುಗಿ. ನನಗೆ ಅದರಲ್ಲಿ ಕಾಣೋದು ಬೇರೆ. ಆ ಮೂವರು ಹೆಂಡತಿ ಸತ್ತರೆ ಸಾಯಲಿ ಅಂತ ಮನೆಯಲ್ಲಿ ಕೂತಿರಲಿಲ್ಲ. ನಡುರಾತ್ರಿ, ತಮ್ಮ ಜಾತಿಯವರು ಧರ್ಮದವರು ನೋಡಿದರೆ ಏನಂದಾರು ಎಂಬ ಅಂಜಿಕೆ ಇದ್ದೂ ಕ್ರೈಸ್ತ ಬಂಗಲೆಯ ಬಾಗಿಲು ತಟ್ಟಿದವರು. ಅವರಿಗೆ ಹೆಂಡತಿ ಬದುಕಬೇಕಿತ್ತು. ಅದಕ್ಕಾಗಿ ಎಷ್ಟು ದೂರ ಬರಬಹುದೋ ಅಷ್ಟು ದೂರ ಬಂದರು. ಇನ್ನೊಂದು ಹೆಜ್ಜೆ ಇಡಲು ಮಾತ್ರ ಆಗಲಿಲ್ಲ. ಗಂಡಸು ಹೇಗಿರಬೇಕು ಎಂಬ ನಂಬಿಕೆ ಅವರ ಪ್ರೀತಿಗಿಂತ ಗಟ್ಟಿಯಾಗಿತ್ತು. ಕ್ರೂರಿ ಅಂತ ಬೈದು ಸುಮ್ಮನಾದರೆ ಈ ಗಂಟು ಬಿಚ್ಚುವುದಿಲ್ಲ.

ಐಡಾ ಅಮೆರಿಕಕ್ಕೆ ವಾಪಸ್ ಹೋಗಿ 1895ರಲ್ಲಿ ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜು ಸೇರಿದರು. ಕೊನೆಯ ವರ್ಷಕ್ಕೆ ನ್ಯೂಯಾರ್ಕಿನ ಕಾರ್ನೆಲ್‌ಗೆ ಬದಲಾಯಿಸಿಕೊಂಡು 1899ರಲ್ಲಿ ಡಾಕ್ಟರ್ ಆದರು. ಅಲ್ಲಿ ಹೆಣ್ಣುಮಕ್ಕಳನ್ನು ಸೇರಿಸಿಕೊಂಡಿದ್ದು ಆಗಷ್ಟೇ. ಹೊರಡುವ ಮುಂಚೆ ಆಸ್ಪತ್ರೆ ಕಟ್ಟಲು ದುಡ್ಡು ಬೇಕಲ್ಲ. ಶೆಲ್ ಎಂಬ ಬ್ಯಾಂಕರ್ ತೀರಿಹೋದ ತನ್ನ ಹೆಂಡತಿ ಮೇರಿ ಟೇಬರ್ ಶೆಲ್ ಹೆಸರಿನಲ್ಲಿ 10,000 ಡಾಲರ್ ಕೊಟ್ಟ. 1900ರ ಹೊಸ ವರ್ಷದ ಹೊತ್ತಿಗೆ ಐಡಾ ಇಲ್ಲಿದ್ದರು. ಕೆಲವೇ ತಿಂಗಳಲ್ಲಿ ಅಪ್ಪ ತೀರಿಕೊಂಡರು. ಕೈಹಿಡಿದು ಕಲಿಸುವವರಿಲ್ಲದೆ, ವೆಲ್ಲೂರಿನ ಬಂಗಲೆಯ ಒಂದು ಕೋಣೆಯಲ್ಲಿ ಒಂದೇ ಹಾಸಿಗೆ ಹಾಕಿ ಶುರುಮಾಡಿದರು. ಬಂಗಲೆಯ ಕೆಲಸದ ಸಾಲೊಮಿ ಎಂಬ ಹೆಣ್ಣುಮಗಳಿಗೇ ನರ್ಸ್ ಕೆಲಸ ಕಲಿಸಿಕೊಂಡರು. 1902ರಲ್ಲಿ 40 ಹಾಸಿಗೆಯ ಶೆಲ್ ಆಸ್ಪತ್ರೆ ತೆರೆಯಿತು, ಹೆಂಗಸರಿಗೂ ಮಕ್ಕಳಿಗೂ.

ಆಸ್ಪತ್ರೆ ಕಟ್ಟಿದರೆ ಹೆಂಗಸರು ತಾವಾಗೇ ಬರ್ತಾರಾ? ಮನೆಯ ಯಜಮಾನನ ಅಪ್ಪಣೆ ಬೇಕು, ಜತೆಗೆ ಒಬ್ಬರು ಬರಬೇಕು, ಗಾಡಿ ಬೇಕು, ಒಲೆ ಹಚ್ಚೋರು ಯಾರು ಅನ್ನೋದಕ್ಕೆ ಉತ್ತರ ಬೇಕು. ಐಡಾ ಮಾಡಿದ ಬುದ್ಧಿವಂತಿಕೆಯ ಕೆಲಸ, ನನ್ನ ದೃಷ್ಟಿಯಲ್ಲಿ ಕಾಲೇಜಿಗಿಂತ ದೊಡ್ಡದು, ಆಸ್ಪತ್ರೆಯನ್ನೇ ದಾರಿಗೆ ತಂದಿದ್ದು. 1909ರಲ್ಲಿ ಸಿಕ್ಕ ಒಂದು ಸಣ್ಣ ಪೂಜೋ ಕಾರಿನಲ್ಲಿ ಔಷಧಿ ಪೆಟ್ಟಿಗೆ ತುಂಬಿಕೊಂಡು ವಾರಕ್ಕೊಮ್ಮೆ ಗುಡಿಯಾತ್ತಂ ರಸ್ತೆಯಲ್ಲಿ ಹೊರಡುತ್ತಿದ್ದರು. ನಿಗದಿಯಾದ ಮರಗಳ ಕೆಳಗೆ ಕಾರು ನಿಲ್ಲುತ್ತಿತ್ತು. ಹುಣ್ಣು, ಜ್ವರ, ಕಣ್ಣುನೋವು, ಕುಷ್ಠ, ಬಸುರಿಯರು, ಎಲ್ಲರೂ ಅಲ್ಲೇ. ಆಸ್ಪತ್ರೆಗೆ ಹೋಗ್ತೀನಿ ಅಂತ ಮನೆಯಲ್ಲಿ ಹೇಳಿ ಹೊರಡುವುದಕ್ಕೂ, ನೀರಿಗೆ ಹೋದವಳು ಮರದ ಕೆಳಗೆ ಒಂದು ಗಳಿಗೆ ನಿಂತು ಬರುವುದಕ್ಕೂ ಎಷ್ಟು ವ್ಯತ್ಯಾಸ ಅನ್ನೋದು ಹಳ್ಳಿಯಲ್ಲಿ ಬೆಳೆದ ಹೆಣ್ಣುಮಕ್ಕಳಿಗೆ ಹೇಳಬೇಕಾಗಿಲ್ಲ.

ಅದೇ 1909ರಲ್ಲಿ ನರ್ಸಿಂಗ್ ಶಾಲೆ ಶುರುವಾಯಿತು. 1918ರ ಆಗಸ್ಟಿನಲ್ಲಿ ಹೆಣ್ಣುಮಕ್ಕಳ ವೈದ್ಯಕೀಯ ಶಾಲೆ. ಮದ್ರಾಸಿನ ಸರ್ಜನ್ ಜನರಲ್ ಆಗಿದ್ದ ಕರ್ನಲ್ ಬ್ರೈಸನ್ ಮೂರು ಅರ್ಜಿ ಬಂದರೆ ಹೆಚ್ಚು ಅಂದುಕೊಂಡಿದ್ದ. ಬಂದಿದ್ದು 151. ಮೊದಲ ಸಾರ್ವಜನಿಕ ಪರೀಕ್ಷೆಯಲ್ಲಿ ಹುಡುಗರ ಶಾಲೆಗಳಲ್ಲಿ ಬಹುಪಾಲು ಜನ ನಪಾಸಾದರೆ ಈ ಹುಡುಗಿಯರೆಲ್ಲ ಪಾಸು. 1922ರಲ್ಲಿ 14 ಮಂದಿ ಹೊರಬಂದರು. ಗಾಂಧಿ 1928ರಲ್ಲಿ ಬಂದು ನೋಡಿ ಹೋದರು.

ಇಲ್ಲಿ ನನ್ನದೊಂದು ತಕರಾರಿದೆ. ಐಡಾ ಗೋಡೆಯನ್ನು ಒಡೆಯಲಿಲ್ಲ, ಗೋಡೆಯ ಒಳಗೆ ಹೋಗಲು ಬಾಗಿಲು ಮಾಡಿದರು. ಹೆಂಗಸನ್ನು ಪರಗಂಡಸು ಮುಟ್ಟಬಾರದು ಎಂಬ ನಿಯಮವನ್ನು ಹಾಗೇ ಬಿಟ್ಟು, ಹಾಗಾದರೆ ಹೆಂಗಸು ಡಾಕ್ಟರನ್ನೇ ತಯಾರು ಮಾಡೋಣ ಅಂದರು. ಆ ಕಾಲದ ಎಲ್ಲರೂ ಹೀಗೇ ಮಾಡಿದ್ದು. ಬೆಂಗಳೂರಿನ ಶಿವಾಜಿನಗರದ ಘೋಷಾ ಆಸ್ಪತ್ರೆಯ ಹೆಸರಿನಲ್ಲೇ ಪರದೆ ಇದೆ, ಘೋಷಾ ಅಂದರೆ ಪರದೆ. ಜೀವ ಉಳಿಸೋದು ಮೊದಲು, ಗೋಡೆ ಆಮೇಲೆ ಅನ್ನೋದು ನ್ಯಾಯವೇ. ಅದರಿಂದ ಸಾವಿರಾರು ಬಾಣಂತಿಯರು ಬದುಕಿದರು, ನೂರಾರು ಹುಡುಗಿಯರಿಗೆ ಸಂಬಳದ ಕೆಲಸ, ಸ್ವಂತ ಹೆಸರು ಸಿಕ್ಕಿತು. ಆದರೆ ಗಂಡಸಿನ ತಲೆಯೊಳಗಿದ್ದ ನಿಯಮ ಇದ್ದಲ್ಲೇ ಇತ್ತು.

ಈ ಪ್ರಶ್ನೆ ಐಡಾಗೇ ತಿರುಗಿ ಬಂತು. 1930ರ ದಶಕದ ಕೊನೆಯಲ್ಲಿ ಮದ್ರಾಸ್ ಸರ್ಕಾರ ಡಿಪ್ಲೊಮಾ ಸಾಲದು, ಎಂಬಿಬಿಎಸ್ ಬೇಕು ಅಂದಿತು. ಅಷ್ಟು ದುಡ್ಡು, ಅಷ್ಟು ಪ್ರೊಫೆಸರುಗಳು ಹೆಣ್ಣುಮಕ್ಕಳ ಕಾಲೇಜಿಗೆ ಎಲ್ಲಿಂದ? ಗಂಡುಹುಡುಗರನ್ನೂ ಸೇರಿಸಿಕೊಂಡರೆ ಎಲ್ಲ ಮಿಷನ್‌ಗಳೂ ಕೈಜೋಡಿಸುತ್ತವೆ ಎಂಬ ಸಲಹೆ ಬಂತು. ಅಮೆರಿಕದಲ್ಲಿ ಇಷ್ಟು ವರ್ಷ ದುಡ್ಡೆತ್ತಿ ಕೊಟ್ಟಿದ್ದ ಲೂಸಿ ಪೀಬಾಡಿ ಇದನ್ನು ದ್ರೋಹ ಅಂತಲೇ ನೋಡಿದರು. ಹೆಂಗಸರ ಕಾಣಿಕೆಯಿಂದ ಕಟ್ಟಿದ್ದನ್ನು ಗಂಡಸರ ಕೈಗೆ ಕೊಡುವುದೇ? ಆಕೆಯ ಸಿಟ್ಟು ಬರೀ ಹಟವಾಗಿರಲಿಲ್ಲ. ಹೆಣ್ಣುಮಕ್ಕಳಿಗೇ ಮೀಸಲಾದ ಜಾಗ ಒಮ್ಮೆ ಹೋದರೆ ಮತ್ತೆ ಸಿಗಲ್ಲ ಅನ್ನೋದು ಇವತ್ತಿನ ನಮ್ಮ ಚರ್ಚೆಗಳಲ್ಲೂ ಇದೆಯಲ್ಲ. ಐಡಾ ಬಹಳ ದಿನ ಹೊಯ್ದಾಡಿ ಕೊನೆಗೆ ಒಪ್ಪಿದರು. ಹಳೆಯ ಗೆಳೆತನಗಳು ಮುರಿದವು. 70 ದಾಟಿದ ಮೇಲೆ 1941ರಲ್ಲಿ ಮತ್ತೆ ಅಮೆರಿಕಕ್ಕೆ ಹೋಗಿ ದುಡ್ಡೆತ್ತಿದರು. ಆ ದಶಕದಲ್ಲೇ ಕಾಲೇಜು ಇಬ್ಬರಿಗೂ ತೆರೆಯಿತು. 1946ರಲ್ಲಿ ನಿವೃತ್ತಿಯಾಗಿ ಕೊಡೈಕೆನಾಲ್‌ಗೆ ಹೋದರು. 1960ರ ಮೇ ತಿಂಗಳಲ್ಲಿ ಅಲ್ಲೇ ತೀರಿಕೊಂಡಾಗ ಅವರಿಗೆ 89 ವರ್ಷ. ಮದುವೆ ಆಗಲೇ ಇಲ್ಲ.

ಅವರು ಹೋದ 26 ವರ್ಷಕ್ಕೆ, 1986ರ ಆರಂಭದಲ್ಲಿ, ಮದ್ರಾಸ್ ಮೆಡಿಕಲ್ ಕಾಲೇಜಿನ ಸೆಲ್ಲಪ್ಪನ್ ನಿರ್ಮಲಾ ಎಂಬ ವಿದ್ಯಾರ್ಥಿನಿ ರಕ್ತದ ಮಾದರಿಗಳನ್ನು ಐಸ್ ಡಬ್ಬದಲ್ಲಿಟ್ಟುಕೊಂಡು ರಾತ್ರಿ ರೈಲು ಹತ್ತಿ ಕಾಟ್ಪಾಡಿಯಲ್ಲಿ ಇಳಿದರು. ಅವರ ಗುರು ಸುನೀತಿ ಸಾಲೊಮನ್. ಪರೀಕ್ಷೆಯ ಸೌಲಭ್ಯ ಇದ್ದಿದ್ದು ವೆಲ್ಲೂರಿನ ಸಿಎಂಸಿಯಲ್ಲಿ. ಅಲ್ಲಿ ಆರು ಮಾದರಿಗಳು ಪಾಸಿಟಿವ್ ಬಂದವು. ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾಗಿದ್ದು ಹೀಗೆ, ಹೆಂಗಸರ ಜೀವ ಉಳಿಸಲು ಹುಟ್ಟಿದ ಆಸ್ಪತ್ರೆಯಲ್ಲಿ, ಇಬ್ಬರು ಹೆಂಗಸರ ಪ್ರಯತ್ನದಿಂದ.

ರಕ್ತ ಯಾರದ್ದು? ಲೈಂಗಿಕ ಕಾರ್ಯಕರ್ತೆಯರದ್ದು, ಹೆಚ್ಚಿನವರು ಪೊಲೀಸರು ಹಿಡಿದು ಸರ್ಕಾರಿ ನಿಲಯದಲ್ಲಿ ಇಟ್ಟಿದ್ದವರು. ಯಾಕೆ ರಕ್ತ ತೆಗೀತಿದಾರೆ ಅಂತ ಅವರಿಗೆ ಗೊತ್ತಿರಲಿಲ್ಲ. ಅವರ ಹತ್ತಿರ ಬಂದು ಹೋದ ಗಂಡಸರ ರಕ್ತವನ್ನು ಯಾರೂ ಕೇಳಲಿಲ್ಲ. ಮುಂದಿನ ವರ್ಷಗಳಲ್ಲಿ ಪಾಸಿಟಿವ್ ಎಂಬ ಒಂದೇ ಕಾರಣಕ್ಕೆ, ಅವಧಿ ಮುಗಿದ ಮೇಲೂ ಕೆಲವು ಹೆಂಗಸರನ್ನು ಒಳಗೇ ಇಟ್ಟುಕೊಂಡರು. 1990ರಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿದ ಮೇಲೆ ಬಿಟ್ಟಿದ್ದು. ಐಡಾ ಕಾಲದಲ್ಲಿ ಹೆಂಗಸಿನ ಮೈಯನ್ನು ಡಾಕ್ಟರು ನೋಡಬಾರದಿತ್ತು. ನೂರು ವರ್ಷದೊಳಗೆ ಹೆಂಗಸಿನ ಮೈಯನ್ನು ಮಾತ್ರ ನೋಡಬೇಕು ಎಂಬಲ್ಲಿಗೆ ಬಂದು ನಿಂತೆವು.

ಈಗ ನಮ್ಮ ತಾಲ್ಲೂಕುಗಳಿಗೆ ಬನ್ನಿ. ಮಾಲೂರಿನ ಇಟ್ಟಿಗೆ ಗೂಡು, ಫ್ಯಾಕ್ಟರಿ, ಕೋಲಾರದ ಟೊಮೆಟೊ ಮಂಡಿ, ಶ್ರೀನಿವಾಸಪುರದ ಮಾವು, ಮುಳಬಾಗಿಲು ಹೆದ್ದಾರಿಯ ಲಾರಿಗಳು. ದುಡಿಯಲು ಹೊರಗೆ ಹೋಗುವ ಗಂಡಸರು, ಹೊರಗಿನಿಂದ ಬರುವ ಗಂಡಸರು. ಇಲ್ಲೊಬ್ಬ ಹೆಣ್ಣುಮಗಳು ಬಸುರಿಯಾದಳು ಅಂದುಕೊಳ್ಳಿ. ಆಶಾ ಅಕ್ಕ ಮನೆಗೇ ಬಂದು ತಾಯಿ ಕಾರ್ಡ್ ಮಾಡಿಸುತ್ತಾಳೆ. ಹಿಮೋಗ್ಲೋಬಿನ್ ಜತೆಗೆ ಎಚ್‌ಐವಿ ಪರೀಕ್ಷೆಯೂ ಆಗುತ್ತೆ. ತಾಯಿಯಿಂದ ಮಗುವಿಗೆ ಹರಡದಂತೆ ತಡೆಯಲು ಇದು ಬೇಕೇ ಬೇಕು, ಒಳ್ಳೆಯ ಕಾರ್ಯಕ್ರಮ. ಇದರ ಪರಿಣಾಮವಾಗಿ ಮನೆಯಲ್ಲಿ ಮೊದಲು ಗೊತ್ತಾಗೋದು ಹೆಂಡತಿಗೆ. ಮೊದಲು ಗೊತ್ತಾದವರೇ ಮೊದಲು ತಂದವರು ಅನ್ನೋದು ಅತ್ತೆ ಮನೆಯ ಲೆಕ್ಕ. ಅವಳಿಗೆ ಬಂದಿದ್ದು ಗಂಡನಿಂದಲೇ ಇರಬಹುದು, ಕಾಗದ ಮಾತ್ರ ಅವಳ ಹೆಸರಲ್ಲಿದೆ.

ಗಂಡನನ್ನೂ ಕರ್ಕೊಂಡು ಬಾಮ್ಮ ಅಂತ ಆಪ್ತಸಮಾಲೋಚಕರು ಹೇಳ್ತಾರೆ. ಬರುವವರು ಕೆಲವರು. ಬರದವರಲ್ಲಿ ಒಂದು ನಂಬಿಕೆ ಸಾಮಾನ್ಯ: ಹೆಂಡತಿಗೆ ನೆಗೆಟಿವ್ ಬಂದಿದೆಯಲ್ಲ, ನಂದೂ ನೆಗೆಟಿವ್ ಬಿಡಿ. ಇದು ತಪ್ಪು. ಒಬ್ಬರಿಗಿದ್ದು ಇನ್ನೊಬ್ಬರಿಗೆ ಇಲ್ಲದ ದಂಪತಿಗಳು ಎಷ್ಟೋ ಇದ್ದಾರೆ, ಅವಳ ರಕ್ತ ಅವನ ರಿಪೋರ್ಟ್ ಅಲ್ಲ. ಹೆಂಡತಿಗೆ ಹುಷಾರಿಲ್ಲ ಅಂದ್ರೆ ಸಾಲ ಮಾಡಿ ರಾಯವೇಲೂರಿಗೆ ಕರೆದೊಯ್ಯುವ ಗಂಡಸು, ತಾಲ್ಲೂಕು ಆಸ್ಪತ್ರೆಯಲ್ಲಿ ತನ್ನ ಬೆರಳು ಚಾಚಲು ಹಿಂಜರಿಯುತ್ತಾನೆ. ದಿನಗೂಲಿ ಹೋಗುತ್ತೆ ಅನ್ನೋದು ನಿಜವಾದ ಕಾರಣವೇ, ಪರೀಕ್ಷೆಯ ಹೊತ್ತೂ ಕೆಲಸದ ಹೊತ್ತೂ ಒಂದೇ. ಆದರೆ ಅದರ ಹಿಂದೆ, ಕಾಯಿಲೆಯನ್ನು ಒಪ್ಪೋದು ಗಂಡಸುತನಕ್ಕೆ ಕುಂದು ಅನ್ನೋದೂ ಇದೆ. ತಿಂಡಿವನಂನ ಆ ಮೂವರನ್ನು ನಾನು ನೆನೆದದ್ದು ಇಲ್ಲೇ.

ಹಾಗಾಗಿ ಎಷ್ಟೋ ಗಂಡಸರ ಎಚ್‌ಐವಿ ಪತ್ತೆಯಾಗೋದು ಕ್ಷಯ ಬಂದ ಮೇಲೆ. ಟಿಬಿ ರೋಗಿಗಳಿಗೆಲ್ಲ ಎಚ್‌ಐವಿ ಪರೀಕ್ಷೆ ಮಾಡುವ ನಿಯಮ ಇದೆ. ಹೆಂಗಸಿಗೆ ಬಸುರು, ಗಂಡಸಿಗೆ ಕೆಮ್ಮು, ಈ ಎರಡೇ ದೊಡ್ಡ ಬಾಗಿಲುಗಳು. ಅವನು ಬರುವ ಹೊತ್ತಿಗೆ ಮೈಯ ಶಕ್ತಿ ಇಳಿದುಹೋಗಿರುತ್ತೆ. ಗಂಡಸರು ತಡವಾಗಿ ಪರೀಕ್ಷೆಗೆ ಬಂದು, ತಡವಾಗಿ ಚಿಕಿತ್ಸೆ ಶುರುಮಾಡಿ, ಬೇಗ ಸಾಯುವುದು ಜಗತ್ತಿನ ಬಹಳಷ್ಟು ಕಡೆ ಕಾಣುವ ಸಂಗತಿ. ನಾಕೋ ಅಂದಾಜಿನಂತೆ ದೇಶದಲ್ಲಿ ಎಚ್‌ಐವಿಯೊಂದಿಗೆ ಬದುಕುತ್ತಿರುವ ಸುಮಾರು 25 ಲಕ್ಷ ಜನರಲ್ಲಿ ಹೆಂಗಸರು ನೂರಕ್ಕೆ 44ರ ಆಸುಪಾಸು. ಇನ್ನು ಬಸುರಿಯೂ ಅಲ್ಲದ, ಕೆಮ್ಮೂ ಇಲ್ಲದವರು? ವಿಧವೆ, ಮದುವೆಯಾಗದ ಹುಡುಗಿ, ಮಕ್ಕಳಾಗಿ ಆಪರೇಷನ್ ಮಾಡಿಸಿಕೊಂಡ ಹೆಂಗಸು. ಅವರು ತಾವಾಗೇ ಪರೀಕ್ಷೆ ಕೇಳಿದರೆ ಯಾಕಮ್ಮ ನಿಂಗೆ ಅನ್ನೋ ನೋಟ ಎದುರಾಗುತ್ತೆ. ಹೆಂಗಸರ ಸಾಲಿನಲ್ಲೂ ಗಂಡಸರ ಸಾಲಿನಲ್ಲೂ ನಿಲ್ಲಲಾಗದ ಟ್ರಾನ್ಸ್ ಮಹಿಳೆಯರ ಮಾತಂತೂ ಬೇರೆಯೇ.

ಚಿಕಿತ್ಸೆ 2004ರ ಏಪ್ರಿಲ್‌ನಿಂದ ಉಚಿತ. 2017ರಿಂದ ಪಾಸಿಟಿವ್ ಅಂತ ಗೊತ್ತಾದ ಕೂಡಲೇ ಮಾತ್ರೆ ಶುರು, ಮೊದಲಿನ ಹಾಗೆ ಸಿಡಿ4 ಎಣಿಕೆ ಇಳಿಯಲಿ ಅಂತ ಕಾಯೋದಿಲ್ಲ. ತಪ್ಪದೆ ನುಂಗಿ ರಕ್ತದಲ್ಲಿ ವೈರಸ್ ಕಾಣದ ಮಟ್ಟಕ್ಕೆ ಇಳಿದರೆ ಸಂಗಾತಿಗೆ ಲೈಂಗಿಕವಾಗಿ ಹರಡುವುದೂ ಇಲ್ಲ. ದಿನಕ್ಕೊಂದು ಮಾತ್ರೆ, ಅಷ್ಟೇ. ಆ ಒಂದು ಮಾತ್ರೆಯನ್ನು ಎಲ್ಲಿಡಬೇಕು? ಡಬ್ಬಿಯ ಚೀಟಿ ಕಿತ್ತು ರಾಗಿ ಹಿಟ್ಟಿನ ಡಬ್ಬದ ಹಿಂದೆ ಇಡುವವರಿದ್ದಾರೆ. ಜಿಲ್ಲಾ ಕೇಂದ್ರಕ್ಕೆ ಹೋಗಿ ಬರಲು ಏನು ನೆಪ ಹೇಳಬೇಕು? ಇಲ್ಲೊಂದು ಮಾತು ಹೇಳಲೇಬೇಕು. ಶಕ್ತಿ ಯೋಜನೆಯನ್ನು ಬಿಟ್ಟಿ ಭಾಗ್ಯ ಅಂತ ಆಡಿಕೊಳ್ಳುವವರಿಗೆ, ಬಸ್ ಚಾರ್ಜಿಗೆ ಗಂಡನ ಮುಂದೆ ಕೈಚಾಚದೆ ಕೋಲಾರಕ್ಕೆ ಹೋಗಿ ಮಾತ್ರೆ ತರಲು ಆಗುವುದು ಒಬ್ಬ ಹೆಂಗಸಿಗೆ ಏನು ಅಂತ ಗೊತ್ತಿಲ್ಲ. ಐಡಾ ಕಾರು ಗುಡಿಯಾತ್ತಂ ರಸ್ತೆಯಲ್ಲಿ ಮಾಡಿದ ಕೆಲಸದಲ್ಲಿ ಒಂದಿಷ್ಟನ್ನು ಈ ಕೆಂಪು ಬಸ್ಸು ಮಾಡುತ್ತಿದೆ. ವೆಲ್ಲೂರಿನ ತನಕ ಅದು ನಡೆಯಲ್ಲ, ಆ ಮಾತು ಬೇರೆ.

ಕಾನೂನೂ ಇದೆ. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ತಿಳಿಸಿ ಒಪ್ಪಿಗೆ ಪಡೆಯದೆ ಪರೀಕ್ಷೆ ಮಾಡುವಂತಿಲ್ಲ. ಮನೆಯಿಂದ ಹೊರಹಾಕುವಂತಿಲ್ಲ. ಸಂಗಾತಿಗೆ ತಿಳಿಸುವ ವಿಚಾರದಲ್ಲಿ, ತಿಳಿಸಿದರೆ ಹೆಂಗಸಿಗೆ ಹೊಡೆತ ಬೀಳಬಹುದು, ಅವಳನ್ನು ಬಿಟ್ಟುಬಿಡಬಹುದು ಎಂಬ ಭಯಕ್ಕೆ ಆಧಾರವಿದ್ದರೆ ಡಾಕ್ಟರು ತಿಳಿಸಬಾರದು ಅಂತ ಕಾಯ್ದೆಯಲ್ಲೇ ಬರೆದಿದೆ. ನಮ್ಮ ಶಾಸಕರು, ಪಂಚಾಯ್ತಿ ಸದಸ್ಯರಲ್ಲಿ ಎಷ್ಟು ಜನ ಅದನ್ನು ಓದಿದ್ದಾರೋ.

ಇನ್ನು ಬೇಕಿರುವುದು ಗಂಡಸರಿಗೊಂದು ಮರದ ನೆರಳು. ಲಾರಿ ಡ್ರೈವರ್‌ಗಳು, ವಲಸೆ ಕಾರ್ಮಿಕರಿಗೆ ಅಂತ ಕಾರ್ಯಕ್ರಮಗಳಿವೆ. ಊರಲ್ಲೇ ಇರುವ, ಹಾಲಿನ ಡೈರಿಗೆ ಬೆಳಗ್ಗೆ ಕ್ಯಾನ್ ತರುವ, ಮಂಡಿಯಲ್ಲಿ ರಾತ್ರಿ ಬಾಕ್ಸ್ ಇಳಿಸುವ ಸಾಮಾನ್ಯ ಗಂಡನಿಗೆ ಯಾವ ಅಕ್ಕ ಕಾರ್ಡ್ ಹಿಡಿದು ಮನೆಗೆ ಬರುತ್ತಾಳೆ? ಮಂಡಿ ಮುಚ್ಚುವ ಹೊತ್ತಿಗೆ, ಡೈರಿ ಮುಂದೆ, ಬಿಪಿ ಶುಗರ್ ಜತೆಗೇ ಎಚ್‌ಐವಿಯನ್ನೂ ಒಪ್ಪಿಗೆ ಕೇಳಿ ನೋಡುವ ವ್ಯಾನ್ ವಾರಕ್ಕೊಮ್ಮೆ ನಿಂತರೆ ಸಾಕು, ಶುರುವಿಗೆ. ನಿಮ್ಮೂರಿನ ಯುವಕ ಸಂಘ ಗಣೇಶನ ಪೆಂಡಾಲಿಗೆ ಓಡಾಡುವಷ್ಟು ಓಡಾಡಿದರೆ ತಾಲ್ಲೂಕು ಆರೋಗ್ಯಾಧಿಕಾರಿಯನ್ನು ಒಪ್ಪಿಸಬಹುದು. ಅಲ್ಲಿಯ ತನಕ, ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿಯಲ್ಲಿ ಪರೀಕ್ಷೆಗೆ ದುಡ್ಡಿಲ್ಲ, ಹೆಸರು ಹೊರಗೆ ಹೋಗಲ್ಲ, ಮದುವೆಯಾಗಿರಲಿ ಇಲ್ಲದಿರಲಿ ಪರೀಕ್ಷೆ ಮಾಡ್ತಾರೆ. ಕೇಳಬೇಕಾದ್ದು ಇದ್ದರೆ 1097ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡ್ತಾರೆ.